ನಜಿಫೆ ಊದಿದ ಉಸಿರು

ಲೆಸ್ಕೊವ್ನ
ನವೆಂಬರ್ 21, 2009

ಪ್ರೀತಿಯ ವಿಹ್ರಾ,

ಮೊದಲು ಬೈದುಬಿಡು, ಆಮೇಲೆ ಓದು. ಕಾಗದ ಬರೆದು ತಿಂಗಳ ಮೇಲಾಯಿತು, ಗೊತ್ತು. ಫೋನಿನಲ್ಲಿ ನಾನು ಬರೀ ತಮಾಷೆ ಮಾಡುತ್ತೇನೆ, ಕಾಗದದಲ್ಲಾದರೆ ಅಲ್ಲೊಂದು ಇಲ್ಲೊಂದು ನಿಜವಾದ ಮಾತು ಬರುತ್ತದೆ ಎಂದು ನೀನೇ ಅಂದಿದ್ದರಿಂದ ಪೆನ್ನು ಹಿಡಿದಿದ್ದೇನೆ. ತಡವಾದದ್ದಕ್ಕೆ ಕಾರಣ ಕೇಳಿದರೆ ನೀನು ನಂಬುವುದಿಲ್ಲ. ನಾನು ಸಿಗರೇಟು ಬಿಟ್ಟಿದ್ದೇನೆ. ಬಿಟ್ಟ ಮೇಲೆ ಪೆನ್ನು ಹಿಡಿದರೆ ಕೈ ಅದನ್ನೂ ಬಾಯಿಗೇ ಒಯ್ಯುತ್ತಿತ್ತು. ಒಂದು ಇಡೀ ಬೆಳಿಗ್ಗೆ ತುಟಿಯ ತುಂಬ ನೀಲಿ ಶಾಯಿ ಮೆತ್ತಿಕೊಂಡು ರೋಗಿಗಳನ್ನು ನೋಡಿದ್ದೇನೆ. ಒಬ್ಬರೂ ಹೇಳಲಿಲ್ಲ. ಹೃದಯದ ಕಾಯಿಲೆ ಅಂದುಕೊಂಡು ಪಾಪ ಸುಮ್ಮನಿದ್ದರಂತೆ.

ಮನೆ ಚೆನ್ನಾಗಿದೆ. ಚಳಿಗಾಲದ ಉಪ್ಪಿನಕಾಯಿಗೆಂದು ಎಲೆಕೋಸಿನ ಪೀಪಾಯಿಗೆ ಉಪ್ಪುನೀರು ತುಂಬಿದ್ದೇನೆ, ಉಪ್ಪು ಜಾಸ್ತಿಯಾಗಿದೆ. ಕಿಟಕಿಯ ಹತ್ತಿರದ ನಿನ್ನ ಹೂಗಿಡವನ್ನು ನಮ್ಮ ನರ್ಸ್ ಪೆನ್ಕ ಜಪ್ತಿ ಮಾಡಿಕೊಂಡು ಹೋದಳು. "ಉಳಿದ ಕಾಫೀನ ಗಿಡಕ್ಕೆ ಸುರೀತೀರಲ್ಲ ಡಾಕ್ಟ್ರೇ, ಡಾಕ್ಟರಮ್ಮ ಬಂದ್ ಕೇಳಿದ್ರೆ ನಾನೇನ್ ಹೇಳ್ಲಿ?" ಅಂದಳು. ಗಿಡ ಈಗ ಅವಳ ಮನೆಯಲ್ಲಿ ನನಗಿಂತ ಸುಖವಾಗಿದೆ.

ಇನ್ನು ಸಿಗರೇಟಿನ ಕಥೆ. ರಾಜಧಾನಿ ಸೋಫಿಯಾದಿಂದ ಒಂದು ಸಂಶೋಧನೆಯವರು ಬಂದಿದ್ದಾರೆ. ಸೇದುವ ಬಸುರಿಯರು ಸಿಗರೇಟು ಬಿಟ್ಟರೆ ಹುಟ್ಟುವ ಮಕ್ಕಳ ತೂಕ ಎಷ್ಟು ಸುಧಾರಿಸುತ್ತದೆ ಎಂದು ನೋಡುವುದು ಒಂದು ಭಾಗ. ಅದಕ್ಕಿಂತ ಮಜವಾದದ್ದು ಎರಡನೆಯ ಭಾಗ. ಅರ್ಧ ಊರುಗಳಲ್ಲಿ ಡಾಕ್ಟರಿಗೆ ಸುಮ್ಮನೆ ಕೆಲಸ ಹಚ್ಚುತ್ತಾರೆ. ಇನ್ನರ್ಧ ಊರುಗಳಲ್ಲಿ, ಹೆರಿಗೆಯವರೆಗೂ ಹೊಗೆ ಬಿಟ್ಟ ಒಬ್ಬೊಬ್ಬ ಹೆಂಗಸಿಗೂ ಇಷ್ಟೆಂದು ಡಾಕ್ಟರಿಗೆ ಹೆಚ್ಚಿನ ದುಡ್ಡು. ದುಡ್ಡು ಕಂಡರೆ ಡಾಕ್ಟರು ಜೋರಾಗಿ ಬುದ್ಧಿ ಹೇಳುತ್ತಾನೋ ಇಲ್ಲವೋ ಎಂಬುದು ಅವರ ಪ್ರಶ್ನೆ. ಚೀಟಿ ಎತ್ತಿದಾಗ ನಮ್ಮೂರು ದುಡ್ಡಿನ ಗುಂಪಿಗೆ ಬಿತ್ತು. ನಿನಗೆ ಗೊತ್ತಲ್ಲ, ನಮಗೆ ಸಂಬಳ ಬರುವುದು ಊರಿನ ತಲೆ ಎಣಿಸಿ; ಜನ ಬಿಟ್ಟುಹೋದ ಹಾಗೆಲ್ಲ ಅದೂ ಕರಗುತ್ತಿದೆ. ಹಾಗಾಗಿ ನಾನು ಬೇಡ ಅನ್ನಲಿಲ್ಲ.

ಸಂಶೋಧನೆಯ ಹುಡುಗಿಯ ಹೆಸರು ಇಸ್ಕ್ರ. ಸಿಗರೇಟು ಬಿಡಿಸಲು ಬಂದವಳ ಹೆಸರಿನ ಅರ್ಥವೇ ಕಿಡಿ! ನಾನು ನಕ್ಕೆ, ಅವಳು ನಗಲಿಲ್ಲ. "ಈ ಜೋಕ್ ಪ್ರತಿ ಊರಲ್ಲೂ ಕೇಳಿದೀನಿ ಡಾಕ್ಟರ್" ಅಂದಳು. ಮೂವತ್ತರ ಆಸುಪಾಸು, ಕೆಂಪು ಕಾರು, ಜೊತೆಗೊಂದು ಪುಟ್ಟ ಯಂತ್ರ. ಅದಕ್ಕೆ ಊದಿದರೆ ಉಸಿರಿನಲ್ಲಿ ಎಷ್ಟು ಹೊಗೆಯಿದೆ ಎಂದು ಹೇಳುತ್ತದೆ. ತಿಂಗಳಿಗೊಮ್ಮೆ ಅವಳು ಬಂದು ಬಸುರಿಯರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಊದಿಸುತ್ತಾಳೆ. ಆಗ ನಾನು ಕೋಣೆಯೊಳಗೆ ಇರಕೂಡದು. ದುಡ್ಡು ಬರುವವನು ಪಕ್ಕದಲ್ಲಿದ್ದರೆ ಲೆಕ್ಕ ಕೆಡುತ್ತದಂತೆ. ದುಡ್ಡಿನ ವಿಷಯ ಹೆಂಗಸರಿಗೆ ತಿಳಿಯಬಾರದು ಅಂತಲೂ ಹೇಳಿದಳು. ನಾನು ಪೆನ್ಕಳಿಗೊಬ್ಬಳಿಗೆ ಮಾತ್ರ ಹೇಳಿದೆ. ಸಂಜೆಯೊಳಗೆ ಬೇಕರಿಯವರೆಗೂ ಹೋಗಿತ್ತು.

ಊರಲ್ಲಿ ಈಗ ಸೇದುವ ಬಸುರಿಯರು ನಾಲ್ವರು. ಅವರಲ್ಲಿ ಸೆಬಿಹಾ ನಿನಗೆ ನೆನಪಿರಲೇಬೇಕು, ಮೇಲಿನ ಕೇರಿಯ ತಂಬಾಕಿನ ಮನೆಯವಳು. ನಾಲ್ಕು ವರ್ಷದ ಹಿಂದೆ ಅವಳ ಮಗ ಏಳು ತಿಂಗಳಿಗೇ ಹುಟ್ಟಿದಾಗ, ಅಂಗೈಯಷ್ಟಿದ್ದ ಅವನನ್ನು ಉಳಿಸಿಕೊಟ್ಟವಳು ನೀನು. ಈಗ ಅವನು ನಮ್ಮ ಕ್ಲಿನಿಕ್ಕಿನ ಬೇಲಿ ಹತ್ತುತ್ತಾನೆ. ನಾಲ್ವರನ್ನೂ ಕೂರಿಸಿಕೊಂಡು ನಾನು ಗಂಭೀರವಾಗಿ ಭಾಷಣ ಶುರುಮಾಡಿದೆ. ಸೆಬಿಹಾ ಮಧ್ಯದಲ್ಲೇ ಕೈಯೆತ್ತಿದಳು.

"ಡಾಕ್ಟ್ರೇ, ನಿಮ್ ಕೋಟಿನ ಮೇಲ್ಗಡೆ ಜೇಬಲ್ಲಿ ಏನದು?"

"ಯಾವುದು?"

"ಅದೇ, ಚೌಕವಾಗಿ ಉಬ್ಬಿಕೊಂಡಿದೆಯಲ್ಲ. ಬೈಬಲ್ಲಾ?"

ಉಳಿದ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಪ್ಯಾಕು ತೆಗೆದು ಮೇಜಿನ ಮೇಲಿಟ್ಟೆ. "ನೀವ್ ಬಿಟ್ರೆ ನಾವೂ ಬಿಡ್ತೀವಿ. ಇಲ್ಲಾಂದ್ರೆ ಮನೇಲಿ ಕೆಲಸ ಬೇಕಾದಷ್ಟಿದೆ, ಹೋಗ್ತೀವಿ" ಅಂದಳು ಸೆಬಿಹಾ. ಏನು ಮಾಡಲಿ ಹೇಳು. ಪೆನ್ಕ ಆ ಪ್ಯಾಕನ್ನು ಅಲ್ಲೇ ಕತ್ತರಿಯಲ್ಲಿ ತುಂಡು ಮಾಡಿದಳು. ಮನೆಗೆ ಬಂದು ಅತ್ತುಬಿಟ್ಟೆನೋ ಏನೋ, ಸರಿಯಾಗಿ ನೆನಪಿಲ್ಲ.

ಆದರೆ ಸೆಬಿಹಾಳ ಅತ್ತೆ ಹನಿಫೆ ಅಜ್ಜಿ ಮರುದಿನವೇ ಕೋಲು ಊರಿಕೊಂಡು ಕ್ಲಿನಿಕ್ಕಿಗೆ ಬಂದರು. "ನಾಕ್ ಮಕ್ಳನ್ನ ಸಾಕಿದ್ದು ಈ ಎಲೆ ಕಣಪ್ಪಾ. ಮನೆ ಕಟ್ಟಿದ್ದು ಈ ಎಲೆ, ಮದುವೆ ಮಾಡಿದ್ದು ಈ ಎಲೆ. ಇವತ್ತು ಪಟ್ಟಣದ ಹುಡ್ಗಿ ಒಬ್ಳು ಬಂದು ಅದನ್ನ ವಿಷ ಅಂದ್ರೆ, ನೀನೂ ತಲೆ ಆಡಿಸ್ತೀಯ?" ಎಂದು ಕೇಳಿದರು. ಬೆಳೆಯುವುದು ಬೇರೆ, ಬಸುರಿ ಸೇದುವುದು ಬೇರೆ ಅಂದೆ. "ಎರಡೂ ಒಂದೇ ಗಿಡ" ಎಂದು ಎದ್ದು ಹೋದರು. ನಾನು ಸಿಗರೇಟಿನ ಬದಲು ಬೀಜ ಬಿಡಿಸುತ್ತಾ ಕೂತೆ. ಈಗ ದಿನಕ್ಕೊಂದು ಪೊಟ್ಟಣ ಸೂರ್ಯಕಾಂತಿ ಬೀಜ ತಿನ್ನುತ್ತೇನೆ. ನೆಲದ ಮೇಲೆ ಸಿಪ್ಪೆ ಕಂಡರೆ ಪೆನ್ಕ ತಾನೇ ಕೆಲಸ ಬಿಡುತ್ತಾಳಂತೆ.

ಜರ್ಮನಿಯಲ್ಲಿ, ನಿನ್ನ ಕಾಸೆಲ್‌ನಲ್ಲಿ ಚಳಿ ಶುರುವಾಗಿರಬೇಕು. ದಪ್ಪ ಕೋಟು ಕೊಂಡುಕೋ. ಇಷ್ಟು ದೊಡ್ಡ ಸಂಬಳ ತೆಗೆದುಕೊಂಡು ಹಳೇ ಕೋಟಿನಲ್ಲೇ ಓಡಾಡಬೇಡ.

ನಿನ್ನ
ಲ್ಯುಬೆನ್


ಲೆಸ್ಕೊವ್ನ
ಫೆಬ್ರವರಿ 20, 2010

ಪ್ರೀತಿಯ ವಿಹ್ರಾ,

ಈ ಸಲ ತಡಮಾಡಿದವಳು ನೀನು, ಆದರೂ ಕ್ಷಮೆ ನಾನೇ ಕೇಳುತ್ತೇನೆ, ಅಭ್ಯಾಸ. ನಿನ್ನ ಕಾಗದ ಸಿಕ್ಕಿತು. ಎರಡು ಪುಟದಲ್ಲಿ ಒಂದೂವರೆ ಪುಟ ಹವಾಮಾನ. ಉಳಿದರ್ಧದಲ್ಲಿ ಹೊಸ ವಾರ್ಡಿನ ಹೊಳಪು. ಎರಡು ಸಲ ಓದಿದೆ. ಜರ್ಮನಿಯ ಹಿಮದ ವಿಷಯದಲ್ಲಿ ಈಗ ಈ ಊರಿನಲ್ಲಿ ನನ್ನಷ್ಟು ತಿಳಿದವರಿಲ್ಲ.

ಇಲ್ಲಿ ನಡೆದದ್ದನ್ನು ಕೇಳು. ಕೂತು ಕೇಳು.

ಡಿಸೆಂಬರಿನಲ್ಲಿ ಇಸ್ಕ್ರ ಬಂದು ಊದಿಸಿದಳು. ನಾಲ್ವರ ಉಸಿರೂ ಶುದ್ಧ. ಜನವರಿಯಲ್ಲೂ ಶುದ್ಧ. ಅವಳಿಗೇ ನಂಬಿಕೆಯಾಗದೆ ಯಂತ್ರ ಕೆಟ್ಟಿದೆಯೇ ಎಂದು ನನ್ನಿಂದ ಊದಿಸಿದಳು, ಪೆನ್ಕಳಿಂದ ಊದಿಸಿದಳು, ಕೊನೆಗೆ ಸದಾ ಸೇದುತ್ತಲೇ ಇರುವ ಅಂಚೆಯವನನ್ನು ಹಿಡಿದು ತಂದು ಊದಿಸಿದಳು. ಅವನು ಊದಿದಾಗ ಯಂತ್ರ ಕಿರುಚಿಕೊಂಡಿತು. ಅಂದರೆ ಸರಿಯಾಗಿದೆ. "ಡಾಕ್ಟರ್, ಇಡೀ ಜಿಲ್ಲೆಯಲ್ಲಿ ನಿಮ್ಮಷ್ಟು ಒಳ್ಳೇ ಫಲಿತಾಂಶ ಯಾರದ್ದೂ ಇಲ್ಲ. ಅದೇನ್ ಹೇಳ್ತೀರಿ ನೀವು ಅವರಿಗೆ?" ಎಂದು ಕೇಳಿದಳು. ನಾನು ಹುಂಜದ ಹಾಗೆ ಎದೆಯುಬ್ಬಿಸಿ, "ಮನಸ್ಸಿಗೆ ಮುಟ್ಟೋ ಹಾಗೆ ಮಾತಾಡ್ಬೇಕು ಅಷ್ಟೆ" ಅಂದೆ. ಸೋಫಿಯಾದಲ್ಲಿ ದೊಡ್ಡವರ ಮುಂದೆ ಉಪನ್ಯಾಸ ಕೊಡಬೇಕು ಎಂಬ ಮಾತೂ ಬಂತು. ಟೈ ಹುಡುಕಿದೆ ವಿಹ್ರಾ, ನಿಜವಾಗಿ ಹುಡುಕಿದೆ.

ಮೊನ್ನೆ ಗುರುವಾರ ಅವಳು ಮತ್ತೆ ಬಂದಳು. ನಾನು ನಿಯಮದಂತೆ ಹಿಂದಿನ ಔಷಧಿ ಕೋಣೆಯಲ್ಲಿ ಕೂತಿದ್ದೆ, ಹೆಂಗಸರನ್ನು ಒಳಗೆ ಬಿಡುತ್ತಿದ್ದವಳು ಪೆನ್ಕ. ಅಷ್ಟರಲ್ಲಿ ಊದಿಸುವ ಕೋಣೆಯ ಫ್ಯೂಸ್ ಹಾರಿತು. ಒಳಗೆ ಹೀಟರ್ ಇಲ್ಲದೆ ಚಳಿ. ಇಸ್ಕ್ರ ಬಾಗಿಲು ತೆಗೆದು, "ಡಾಕ್ಟರ್, ಸ್ವಲ್ಪ ಇದನ್ನ ನೋಡ್ತೀರಾ? ಸೆಬಿಹಾ ಪಾಪ ನಡುಗ್ತಿದಾಳೆ" ಅಂದಳು. ಸ್ಟೂಲ್ ಹಿಡಿದುಕೊಂಡು ಒಳಗೆ ಹೋದೆ.

ಕುರ್ಚಿಯಲ್ಲಿ ಕೂತಿದ್ದದ್ದು ಸೆಬಿಹಾ ಅಲ್ಲ. ಅವಳ ನಾದಿನಿ ನಜಿಫೆ. ಇನ್ನೂ ಮದುವೆಯಾಗದ ಹುಡುಗಿ, ಆ ಇಡೀ ಮನೆಯಲ್ಲಿ ಸಿಗರೇಟು ಮುಟ್ಟದ ಒಂದೇ ಜೀವ. ತಲೆಗೆ ಸೆಬಿಹಾಳ ಹಸಿರು ವಸ್ತ್ರ, ಮೈಮೇಲೆ ಸೆಬಿಹಾಳ ಸ್ವೆಟರು, ಸ್ವೆಟರಿನೊಳಗೆ ಅವರ ಮನೆಯ ದಿವಾನ್ ಮಂಚದ ದಿಂಬು. ದಿಂಬು ಒಂದು ಕಡೆ ಜಾರಿ ಅವಳ ಗರ್ಭ ಬಗಲಿನ ಹತ್ತಿರ ಬಂದಿತ್ತು. ನನ್ನನ್ನು ಕಂಡು ಬಿಳಿಚಿಕೊಂಡಳು. ದಿಂಬನ್ನು ಎರಡು ಕೈಯಿಂದ ಮೆಲ್ಲಗೆ ಕೆಳಗೆ ದೂಡಿಕೊಂಡಳು.

"ಮೂರನೇ ಸಲಾನೂ ಶುದ್ಧ!" ಎಂದಳು ಇಸ್ಕ್ರ ನನ್ನ ಬೆನ್ನ ಹಿಂದೆ, ಸಂತೋಷದಿಂದ. ನಮ್ಮೂರವಳಲ್ಲದ ಅವಳಿಗೆ ಯಾರು ಸೆಬಿಹಾ, ಯಾರು ನಜಿಫೆ ಹೇಗೆ ತಿಳಿಯಬೇಕು?

ಸ್ಟೂಲ್ ಹತ್ತಿ ಫ್ಯೂಸ್ ಹಾಕಿದೆ. ಹೊರಗೆ ಬಂದು ಪೆನ್ಕಳ ತೋಳು ಹಿಡಿದು ಔಷಧಿ ಕೋಣೆಗೆ ಎಳೆದುಕೊಂಡು ಹೋದೆ.

"ನಿನಗೆ ಗೊತ್ತಿತ್ತಾ?"

"ಏನು?"

"ಪೆನ್ಕ!"

"ಗೊತ್ತಿಲ್ದೆ ಇರೋರು ಯಾರು ಡಾಕ್ಟ್ರೇ, ನಿಮ್ಮನ್ನ ಬಿಟ್ಟು?" ಅಂದಳು. ನಾಲ್ವರಲ್ಲಿ ಇಬ್ಬರು ನಿಜವಾಗಿಯೂ ಬಿಟ್ಟಿದ್ದರು. ಮಿಕ್ಕ ಇಬ್ಬರಿಗೂ ಊದಿದವಳು ನಜಿಫೆಯೇ. ಬೆಳಿಗ್ಗೆ ಸೆಬಿಹಾ ಆಗಿ, ಮಧ್ಯಾಹ್ನ ಬೇರೆ ಕೋಟು ಹಾಕಿ, ಕನ್ನಡಕ ಸಿಕ್ಕಿಸಿಕೊಂಡು ಬೇಕರಿಯ ದಾಫಿನ ಆಗಿ. ದಾಫಿನಾಳ ದಿಂಬು ಬೇರೆ ಅಳತೆಯದ್ದಂತೆ. "ನಿಮಗೆ ದುಡ್ಡು ಬರ್ಲಿ ಅಂತ ಮಾಡಿದ್ದು. ಬೈಬೇಡಿ" ಅಂದಳು ಪೆನ್ಕ.

ಕೋಟು ಹಾಕಿಕೊಂಡು ಹಿಮದಲ್ಲೇ ಮೇಲಿನ ಕೇರಿಗೆ ಹೊರಟೆ. ಸೆಬಿಹಾ ಒಲೆಯ ಪಕ್ಕ ನೆಲದ ಮೇಲೆ ಕೂತು ತಂಬಾಕಿನ ಎಲೆ ವಿಂಗಡಿಸುತ್ತಿದ್ದಳು. ತುಟಿಯಲ್ಲಿ ಸಿಗರೇಟು ಉರಿಯುತ್ತಿತ್ತು. ನನ್ನನ್ನು ಕಂಡವಳೇ ಅದನ್ನು ಒಲೆಗೆ ಎಸೆದಳು.

"ಈಗ್ ತಾನೇ ಹಚ್ಚಿದ್ದು ಡಾಕ್ಟ್ರೇ, ಇದೊಂದೇ."

"ಕ್ಲಿನಿಕ್ಕಲ್ಲಿ ನೀನು ಶುದ್ಧ ಉಸಿರು ಬಿಡ್ತಿದ್ದೀಯ, ನೋಡ್ಕೊಂಡು ಬಂದೆ. ಹೊಟ್ಟೆ ಸ್ವಲ್ಪ ಬಗಲಿಗೆ ಬಂದಿತ್ತು."

ಅವಳಿಗೆ ನಗು ಬಂತು, ತಡೆದುಕೊಂಡಳು. ನಾನು ನಗಲಿಲ್ಲ. ಬ್ಯಾಗಿನಿಂದ ಟೇಪು ತೆಗೆದು, ಮಲಗು ಅಂದೆ. ಹೊಟ್ಟೆ ಅಳೆದೆ. ಮತ್ತೊಮ್ಮೆ ಅಳೆದೆ. ವಿಹ್ರಾ, ಆರನೆಯ ತಿಂಗಳಿಗೆ ಇರಬೇಕಾದಷ್ಟಿಲ್ಲ. ಕಿವಿಯಿಟ್ಟೆ, ಹೃದಯ ಬಡಿತ ಚೆನ್ನಾಗಿದೆ, ಆದರೆ ಮಗು ಸಣ್ಣದು. ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳಿದೆ. ಮೊದಲನೆಯವನು ಹುಟ್ಟಿದ್ದನ್ನು ನೆನಪಿಸಿದೆ. ಅವಳ ಮುಖದ ನಗು ಹೋಯಿತು.

"ನನಗೆ ದುಡ್ಡು ಕೊಡಿಸು ಅಂತ ನಾನು ಕೇಳಿದ್ನಾ ಸೆಬಿಹಾ?"

"ಕೇಳ್ಲಿಲ್ಲ. ಸಂಬಳ ಸಾಲ್ದೆ ಡಾಕ್ಟರಮ್ಮ ಹೋದ್ರು. ನೀವೂ ಹೋದ್ರೆ ನಮ್ಮನ್ನ ಯಾರ್ ನೋಡ್ತಾರೆ? ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ ಒಂದು ಗಂಟೆ ದಾರಿ. ನೀವು ಇಲ್ಲೇ ಇರ್ಲಿ ಅಂತ ಎಲ್ರೂ ಸೇರಿ ಮಾತಾಡ್ಕೊಂಡ್ವಿ."

"ನಾನು ಎಲ್ಲೂ ಹೋಗಲ್ಲ. ದುಡ್ಡು ಬಂದ್ರೂ ಅಷ್ಟೆ, ಬರ್ದಿದ್ರೂ ಅಷ್ಟೆ."

ಅವಳು ಎಲೆಗಳ ಕಡೆ ನೋಡಿಕೊಂಡು, "ಡಾಕ್ಟರಮ್ಮಾನೂ ಹಂಗೇ ಅಂದಿದ್ರು" ಅಂದಳು.

ಹನಿಫೆ ಅಜ್ಜಿ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಈಗ ನಿಲ್ಸಿದ್ರೆ ಮಗು ಬೆಳೆಯತ್ತಾ?" ಬೆಳೆಯಬಹುದು, ಇನ್ನೂ ಸಮಯವಿದೆ ಅಂದೆ. ಅಜ್ಜಿ ಎದ್ದು ಬಂದು ಸೆಬಿಹಾಳ ಏಪ್ರನ್ನಿನ ಜೇಬಿಗೆ ಕೈಹಾಕಿ ಪ್ಯಾಕು ತೆಗೆದರು. ಆಮೇಲೆ ಮಗನ ಕೋಟಿನ ಜೇಬು. ಕಪಾಟಿನ ಮೇಲಿನ ಡಬ್ಬಿ. ಕೊನೆಗೆ ಸ್ವಲ್ಪ ಹೊತ್ತು ನಿಂತು ತಮ್ಮದೇ ಲಂಗದ ಮಡಿಕೆಯಿಂದಲೂ ಒಂದು ಪ್ಯಾಕು ತೆಗೆದರು. ಅವರು ಸೇದುತ್ತಾರೆಂದು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಸೆಬಿಹಾ ಬಾಯಿ ಬಿಟ್ಟುಕೊಂಡು ನೋಡಿದಳು. "ಏನ್ ನೋಡ್ತೀಯ? ಎಲೆ ಇರೋದು ಮಾರೋದಕ್ಕೆ. ಇವತ್ತಿಂದ ಈ ಮನೇಲಿ ಬೆಂಕಿ ಅಂದ್ರೆ ಒಲೇದು ಒಂದೇ" ಎಂದು ಎಲ್ಲವನ್ನೂ ಒಲೆಗೆ ಹಾಕಿದರು. ಹೊಗೆ ಎಷ್ಟು ಬಂತೆಂದರೆ ಬಾಗಿಲು ತೆಗೆಯಬೇಕಾಯಿತು.

ಹಿಂದಿರುಗುವಾಗ ದಾರಿಯುದ್ದಕ್ಕೂ ನನ್ನೊಳಗೆ ಜಗಳ. ಸುಮ್ಮನಿದ್ದರೆ ದುಡ್ಡು ಬರುತ್ತದೆ. ಉಪನ್ಯಾಸವೂ ಸಿಗುತ್ತದೆ. ಊರಿನ ಮರ್ಯಾದೆಯೂ ಉಳಿಯುತ್ತದೆ. ಆದರೆ ಆ ಲೆಕ್ಕ ನೋಡಿ ನಾಳೆ ಯಾರೋ ಇನ್ನಷ್ಟು ಊರುಗಳಲ್ಲಿ ಇದನ್ನೇ ಮಾಡುತ್ತಾರೆ. ಅಲ್ಲೂ ದಿಂಬುಗಳು ಹೊರಬೀಳುತ್ತವೆ, ಸೆಬಿಹಾಳಂಥವರ ಹೊಟ್ಟೆ ಸಣ್ಣದಾಗಿಯೇ ಉಳಿಯುತ್ತದೆ. ಚೌಕದ ಅಂಗಡಿಗೆ ಹೋಗಿ ಒಂದು ಪ್ಯಾಕು ಕೇಳಿದೆ. ನಿಜ ಹೇಳುತ್ತೇನೆ, ಕೇಳಿದೆ. ಅಂಗಡಿಯ ಹೆಂಗಸು ಕಿಂಡಿಯ ಬಾಗಿಲು ಎಳೆದುಕೊಂಡು, "ನಿಮಗೆ ಮಾರಿದ್ರೆ ಪೆನ್ಕ ನನ್ನನ್ನ ಸುಮ್ನೆ ಬಿಡ್ತಾಳಾ? ಚೂಯಿಂಗ್ ಗಮ್ ತಗೊಳ್ಳಿ" ಅಂದಳು. ಗಮ್ ಅಗಿಯುತ್ತಾ ಕ್ಲಿನಿಕ್ಕಿಗೆ ಬಂದು ಇಸ್ಕ್ರಳಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಆಮೇಲೆ, "ನಾನು ಆ ಹೊಟ್ಟೆ ಮುಟ್ಟಿ, ಒದೀತಿದೆಯಾ ಅಂತ ಕೇಳಿದೆ. ಹೂಂ ಅಂದ್ಲು" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಸಿಟ್ಟೋ ನಗುವೋ ನನಗೆ ತಿಳಿಯಲಿಲ್ಲ, ಬಹುಶಃ ಅವಳಿಗೂ. ಆ ಇಬ್ಬರ ಹಳೆಯ ಫಲಿತಾಂಶವನ್ನು ಅಳಿಸಿಹಾಕಿದಳು. ಅವರ ಪಾಲಿನ ದುಡ್ಡು ನನಗೆ ಬರುವುದಿಲ್ಲ. ಕ್ಲಿನಿಕ್ಕನ್ನೇ ಕೈಬಿಡುತ್ತಾರೇನೋ ಅಂದುಕೊಂಡಿದ್ದೆ, ಅವಳು ಬಿಡಲಿಲ್ಲ. "ಡಾಕ್ಟರಿಗೆ ದುಡ್ಡು ಅಂದ್ರೆ ರೋಗಿಗಳು ಸುಳ್ಳು ಹೇಳ್ತಾರೆ ಅನ್ನೋದೂ ತಿಳ್ಕೊಳ್ಳಬೇಕಾದ ವಿಷಯವೇ. ಅದನ್ನೂ ಬರೀತೀನಿ. ಇನ್ಮೇಲೆ ಊದಿಸುವಾಗ ನೀವು ಒಳಗೇ ಇರಿ. ಮುಖ ನೋಡಿ ಹೇಳೋಕೆ" ಅಂದಳು.

ಹೀಗೆ ಉಪನ್ಯಾಸ ಹೋಯಿತು. ಟೈ ಸಿಕ್ಕಿದೆ, ಅದಕ್ಕೆ ಹುಳು ಹಿಡಿದಿತ್ತು.

ಈಗಿನ ಹವಾಮಾನ: ಲೆಸ್ಕೊವ್ನದಲ್ಲೂ ಹಿಮ. ಉಳಿದ ಸುದ್ದಿಯೂ ಬರಿ.

ನಿನ್ನ
ಲ್ಯುಬೆನ್


ಲೆಸ್ಕೊವ್ನ
ಜುಲೈ 2, 2010

ನನ್ನ ವಿಹ್ರಾ,

ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಯಾವ ನೆಪವನ್ನೂ ಹೇಳುವುದಿಲ್ಲ. ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ಇವತ್ತು ಮುಗಿಸದೆ ಏಳುವುದಿಲ್ಲ.

ಸೆಬಿಹಾ ಬಿಟ್ಟಳು. ಸುಲಭವಾಗಿ ಅಲ್ಲ. ಮಾರ್ಚಿನಲ್ಲಿ ಯಂತ್ರ ಸ್ವಲ್ಪ ಕಿರುಗುಟ್ಟಿತು. ಅವಳು ತಲೆತಗ್ಗಿಸಿದಳು. ಇಸ್ಕ್ರ ಬೈಯಲಿಲ್ಲ, "ಇದು ನಿಮ್ಮದೇ ಉಸಿರಲ್ವಾ? ಅಷ್ಟು ಸಾಕು" ಅಂದಳು. ಆಮೇಲೆ ಏಪ್ರಿಲಿನಲ್ಲಿ ಶುದ್ಧ, ಮೇ ತಿಂಗಳಲ್ಲಿ ಶುದ್ಧ, ಎರಡೂ ಸಲ ನಾನೇ ಮುಂದೆ ನಿಂತು ನೋಡಿದೆ. ಅವಳ ಗಂಡನನ್ನು ಹನಿಫೆ ಅಜ್ಜಿ ಸೇದಬೇಕೆಂದರೆ ತಂಬಾಕು ಒಣಗಿಸುವ ಕೊಟ್ಟಿಗೆಯಾಚೆಗೆ ಹೋಗು ಎಂದು ಅಟ್ಟಿದ್ದರು. ಮಳೆ ಬಂದರೆ ಛತ್ರಿ ಹಿಡಿದು ಅಲ್ಲಿ ನಿಂತಿರುತ್ತಿದ್ದ. ಕೊನೆಗೆ ಅವನಿಗೂ ಬೇಜಾರಾಗಿ ಅರ್ಧಕ್ಕೆ ಇಳಿಸಿದ. ಅಜ್ಜಿ ತಾವೇ ಬಿಟ್ಟರೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಇಲ್ಲ. ದಾಫಿನ ಮಾತ್ರ ಬಿಡಲಾಗದೆ ಒಪ್ಪಿಕೊಂಡಳು, "ನನ್ನ ಕೈಲಾಗಲ್ಲ ಡಾಕ್ಟ್ರೇ, ಸುಳ್ಳೂ ಹೇಳಲ್ಲ" ಎಂದು. ಅವಳಿಗೆ ಗಂಡು ಮಗು, ಸಣ್ಣದು, ಚೆನ್ನಾಗಿದೆ. ನಾನು ಹಾಲು ಕುಡಿಸುವ ಬಗ್ಗೆ ಅವಳ ತಲೆ ತಿನ್ನುತ್ತಿದ್ದೇನೆ.

ಸೆಬಿಹಾಳ ಹೊಟ್ಟೆಯನ್ನು ವಾರವಾರ ಅಳೆಯುತ್ತಿದ್ದೆ. ಮೇ ಹೊತ್ತಿಗೆ ಟೇಪು ನಾನು ಬಯಸಿದ ಗೆರೆಗೆ ಬಂದಿತ್ತು. ನೋವು ಬಂದದ್ದು ಮೇ ಕೊನೆಯ ವಾರ, ಬೆಳ್ಳಂಬೆಳಗ್ಗೆ ಎಲ್ಲರೂ ಹೊಲದಲ್ಲಿ ಸಸಿ ನೆಡುವಾಗ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಇನ್ನೊಂದು ಕಣಿವೆಗೆ ಹೋಗಿತ್ತು. ಅವತ್ತು ಇಸ್ಕ್ರ ಊರಲ್ಲಿದ್ದಳು, ಕೆಂಪು ಕಾರೂ ಇತ್ತು. ಸೆಬಿಹಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಪೆನ್ಕ ಅವಳ ತಲೆಯ ಹತ್ತಿರ, ನಾನು ಕಾಲಿನ ಹತ್ತಿರ ಮಡಚಿಕೊಂಡು ಕೂತೆ. ಇಸ್ಕ್ರ ಕಾರು ಓಡಿಸಿದಳು. ಓಡಿಸುವುದೇನು, ಹಾರಿಸಿದಳು.

ಅರ್ಧ ದಾರಿಯೂ ಆಗಿರಲಿಲ್ಲ.

"ನಿಲ್ಸಿ" ಅಂದೆ.

"ಇನ್ನು ಇಪ್ಪತ್ತೈದೇ ನಿಮಿಷ ಡಾಕ್ಟರ್!"

"ಅಮ್ಮಾ, ತಲೆ ಕಾಣಿಸ್ತಿದೆ. ನಿಲ್ಸು!"

ನೀರಿನ ಬುಗ್ಗೆಯಿರುವ ಆ ತಿರುವಿನಲ್ಲಿ ಕಾರು ನಿಂತಿತು. ವಿಹ್ರಾ, ನಾನು ಕೊನೆಯ ಹೆರಿಗೆ ಮಾಡಿಸಿದ್ದು ಕಾಲೇಜು ಮುಗಿಸಿದ ವರ್ಷ. ಈ ಊರಿಗೆ ಬಂದ ಮೇಲೆ ಅದೆಲ್ಲ ನಿನ್ನದೇ ಕೆಲಸ ಆಗಿತ್ತು. ಅಂಗಿಯ ತೋಳು ಮೇಲಕ್ಕೆ ಮಡಚಿದೆ. ಆಗ ನೀನು ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದ ಮಾತುಗಳು ಒಂದೊಂದಾಗಿ ನೆನಪಾದವು: ಎಳೆಯಬೇಡ, ಅವಸರ ಬೇಡ, ಮಗುವಿಗೆ ದಾರಿ ಗೊತ್ತಿರುತ್ತದೆ. ಹಾಗೇ ಮಾಡಿದೆ. ತಲೆ ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಬೆರಳು ತೂರಿಸಿ ತಲೆಯ ಮೇಲಿಂದ ಜಾರಿಸಿದೆ. ಒಂದೇ ಸಲಕ್ಕೆ ಇಡೀ ಮೈ ಕೈಗೆ ಬಂತು. ಹೆಣ್ಣು. ನೀಲಿಗಟ್ಟಿತ್ತು, ಅಳಲಿಲ್ಲ. ಪೆನ್ಕ ಟವೆಲಿನಿಂದ ಬೆನ್ನು ಉಜ್ಜಿದಳು, ನಾನು ಬಾಯಿ ಒರೆಸಿದೆ, ಪಾದ ತಟ್ಟಿದೆ. ಸೆಬಿಹಾ, "ಯಾಕ್ ಸುಮ್ನಿದೆ? ಡಾಕ್ಟ್ರೇ, ಯಾಕ್ ಸುಮ್ನಿದೆ?" ಎಂದು ಕೇಳುತ್ತಲೇ ಇದ್ದಳು. ನಾನು ಮತ್ತೆ ಪಾದ ತಟ್ಟಿದೆ. ಆಮೇಲೆ ಒಂದು ಬಿಕ್ಕಳಿಕೆ, ಹಿಂದೆಯೇ ಬೆಟ್ಟಕ್ಕೆಲ್ಲ ಕೇಳುವ ಹಾಗೆ ಅಳು. ಯಾರ ಸಹಾಯವೂ ಇಲ್ಲದೆ ತನ್ನದೇ ಉಸಿರು ತುಂಬಿಕೊಂಡು ಅತ್ತ ಆ ಅಳು ಕೇಳಿ ನಾವೆಲ್ಲ ಅತ್ತೆವು.

ಇಸ್ಕ್ರ ಸ್ಟೀರಿಂಗ್ ಹಿಡಿದುಕೊಂಡು ತಿರುಗಿ ನೋಡುತ್ತಿದ್ದಳು. "ಸಾವಿರಗಟ್ಟಲೆ ಹೆರಿಗೆಗಳ ಅಂಕಿಅಂಶ ನೋಡಿದೀನಿ. ಹೆರಿಗೆ ನೋಡಿರಲಿಲ್ಲ" ಅಂದಳು. ಆಮೇಲೆ ಕಾರಿನಿಂದ ಇಳಿದು, ಬುಗ್ಗೆಯ ನೀರನ್ನು ಮುಖಕ್ಕೆ ಎರಚಿಕೊಂಡು, ಕಿಟಕಿಯಲ್ಲಿ ತಲೆ ಹಾಕಿ, "ಯಾರ ಹತ್ರಾನಾದ್ರೂ ಒಂದು ಸಿಗರೇಟು ಇದೆಯಾ?" ಎಂದು ಕೇಳಿದಳು.

ಅವಳು ಸೇದುತ್ತಿದ್ದಳಂತೆ ವಿಹ್ರಾ, ವಿದ್ಯಾರ್ಥಿಯಾಗಿದ್ದಾಗ! ಸೆಬಿಹಾ ಮಲಗಿದ್ದಲ್ಲಿಂದಲೇ ನಗಲು ಶುರುಮಾಡಿದಳು. ಪೆನ್ಕ ನಕ್ಕಳು. "ನನ್ ಅತ್ತೆಗೆ ಹೇಳ್ತೀನಿ ನೋಡಿ" ಅಂದಳು ಸೆಬಿಹಾ. ತಂಬಾಕು ಬೆಳೆಯುವ ಆ ಕಣಿವೆಯಲ್ಲಿ, ಸುತ್ತ ಸಸಿ ನೆಟ್ಟ ಹೊಲಗಳ ನಡುವೆ, ಆ ಕಾರಿನಲ್ಲಿ ಒಂದೇ ಒಂದು ಸಿಗರೇಟು ಇರಲಿಲ್ಲ.

ಆಸ್ಪತ್ರೆಯಲ್ಲಿ ತೂಕ ನೋಡಿದರು, ಮೂರು ಕಿಲೋಗೆ ಸ್ವಲ್ಪ ಕಡಿಮೆ. ಹನಿಫೆ ಅಜ್ಜಿಗೆ ಆಸ್ಪತ್ರೆಯ ತಕ್ಕಡಿಯಲ್ಲಿ ನಂಬಿಕೆಯಿಲ್ಲ. ಮನೆಗೆ ಬಂದ ಮೇಲೆ ಮಗುವನ್ನು ಕಂಬಳಿಯಲ್ಲಿ ಸುತ್ತಿ ತಂಬಾಕಿನ ಮೂಟೆ ತೂಗುವ ತಕ್ಕಡಿಗೆ ಹಾಕಿಸಿದರು. "ಮೂರೂವರೆ! ಆಸ್ಪತ್ರೆಯೋರು ಕದ್ದಿದ್ದಾರೆ" ಅಂದರು. ಕಂಬಳಿಯ ತೂಕದ ಬಗ್ಗೆ ಮಾತಾಡುವ ಧೈರ್ಯ ನನಗಿರಲಿಲ್ಲ.

ಸಂಶೋಧನೆಯ ಪೂರ್ತಿ ಫಲಿತಾಂಶ ಬರಲು ಇನ್ನೂ ಒಂದು ವರ್ಷ. ಮೊದಲಿನಿಂದ ಬಿಟ್ಟ ಇಬ್ಬರ ಲೆಕ್ಕಕ್ಕೆ ನನಗೆ ಒಂದಿಷ್ಟು ದುಡ್ಡು ಬಂತು, ಅದರಲ್ಲಿ ಕ್ಲಿನಿಕ್ಕಿನ ಸೋರುವ ಮೂಲೆ ಸರಿಮಾಡಿಸಿದೆ. ಇಸ್ಕ್ರ ಹೊರಡುವ ದಿನ ನಾನು, "ಕೊನೆಗೆ ನಿಮ್ಮ ಪ್ರಶ್ನೆಗೆ ಉತ್ತರ ಏನು? ದುಡ್ಡು ಕೊಟ್ರೆ ಡಾಕ್ಟರು ಚೆನ್ನಾಗಿ ಕೆಲಸ ಮಾಡ್ತಾರಾ?" ಎಂದು ಕೇಳಿದೆ. "ನಿಮ್ಮೂರಿನ ಮಟ್ಟಿಗೆ, ಡಾಕ್ಟರು ಇಲ್ಲೇ ಇರ್ತಾರೆ ಅಂತ ಗೊತ್ತಾದ್ರೆ ಜನ ಸಿಗರೇಟು ಬಿಡ್ತಾರೆ. ಇದನ್ನ ಕೋಷ್ಟಕದಲ್ಲಿ ಎಲ್ಲಿ ಹಾಕ್ಲಿ ಅಂತ ಯೋಚಿಸ್ತಿದೀನಿ" ಅಂದಳು. ನಜಿಫೆ ಅವಳಿಗೊಂದು ಉಡುಗೊರೆ ತಂದುಕೊಟ್ಟಳು, ತಾನೇ ಕಸೂತಿ ಹಾಕಿದ ಹೊದಿಕೆಯ ಒಂದು ದಿಂಬು. ಈ ಸಲ ಇಸ್ಕ್ರ ನಕ್ಕಳು, ಕಾರಿನ ಬಾಗಿಲು ಹಿಡಿದುಕೊಂಡು ನಕ್ಕಳು.

ಪೆನ್ಕ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ, ಹೂಗಿಡ ಮೂರು ಟಿಸಿಲೊಡೆದಿದೆ ಎಂದು ತಿಳಿಸಲು ಹೇಳಿದ್ದಾಳೆ. ಹನಿಫೆ ಅಜ್ಜಿ, "ಆ ಹುಡ್ಗಿ ಎಲ್ಲಿದ್ರೂ ಅವಳ ಕೈ ತಣ್ಣಗಿರ್ಲಿ, ದಾರಿ ಹಗುರಾಗ್ಲಿ" ಎಂದು ನಿನ್ನನ್ನು ಹರಸಿದ್ದಾರೆ. ನನ್ನದೂ ಒಂದು ಸೇರಿಸುತ್ತೇನೆ: ಅಲ್ಲಿ ನಿನ್ನ ಕೈಗೆ ಬರುವ ಮಕ್ಕಳೆಲ್ಲ ಮೊದಲ ಗಳಿಗೆಯಲ್ಲೇ ಗಟ್ಟಿಯಾಗಿ ಅಳಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಚೆನ್ನಾಗಿ ನಿದ್ದೆ ಮಾಡು.

ಎಂದೆಂದೂ ನಿನ್ನ
ಲ್ಯುಬೆನ್

ತಾ. ಕ.: ಇದು ಮರೆತು ಬಿಟ್ಟದ್ದಲ್ಲ. ಮೇಲೆ ಬರೆಯಲು ಆಗಲಿಲ್ಲ.

ಹೆರಿಗೆಯಾದ ವಾರಕ್ಕೆ ಅತ್ತೆ ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ಬಂದರು. "ನಿಮ್ ಕೈಗೆ ಬಂದ ಕೂಸು. ಹೆಸರು ನೀವೇ ಹೇಳ್ಬೇಕು" ಅಂದರು. ಒಂದೆರಡು ದಿನ ಕೊಡಿ ಅನ್ನಬಹುದಿತ್ತು, ಏನಾದರೂ ತಮಾಷೆ ಮಾಡಬಹುದಿತ್ತು. ಬಾಯಿಂದ ಬಂದದ್ದು ಒಂದೇ: ಯಾಸೆನ. ಹನಿಫೆ ಅಜ್ಜಿ ಅದನ್ನು ಎರಡು ಸಲ ಅಂದು ನೋಡಿ, ತಮ್ಮ ಕುರಾನಿನ ಪ್ರಾರ್ಥನೆಯಲ್ಲೂ ಅಂಥದೇ ಸದ್ದಿದೆ, ಒಳ್ಳೆಯದು ಅಂದರು.

ನಮ್ಮ ಮಗಳಿಗೆಂದು ನಾವಿಬ್ಬರೇ ಇಟ್ಟುಕೊಂಡಿದ್ದ ಹೆಸರು. ಒಂದು ಮಧ್ಯಾಹ್ನದ ಮಟ್ಟಿಗೆ ಬದುಕಿದ ಮಗುವಿಗೆ ಹೆಸರು ಬರೆಸಲು ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದಾದ ಮೇಲೆ ಅದೇ ವಾರ್ಡಿನಲ್ಲಿ ನೀನು ಒಂದು ವರ್ಷ ಬೇರೆಯವರ ಮಕ್ಕಳನ್ನು ಎತ್ತಿ ಅವರವರ ಕೈಗೆ ಕೊಟ್ಟೆ. ಒಂದು ದಿನ, ಇನ್ನು ಆಗುವುದಿಲ್ಲ ಅಂದೆ, ಹೋದೆ. ನೀನು ಸಂಬಳಕ್ಕಾಗಿ ಹೋದೆ ಎಂದು ನಾನು ಊರಿಗೆಲ್ಲ ಹೇಳುತ್ತೇನೆ. ಅವರೂ ಹಾಗೇ ಹೇಳುತ್ತಾರೆ. ಅವರೆಲ್ಲರಿಗೂ ನಿಜ ಗೊತ್ತು ವಿಹ್ರಾ. ನನ್ನ ಮೇಲಿನ ಪ್ರೀತಿಯಿಂದ ಸಂಬಳ ಅನ್ನುತ್ತಾರೆ ಅಷ್ಟೆ.

ನಿನ್ನನ್ನು ಕೇಳದೆ ಆ ಹೆಸರನ್ನು ಕೊಟ್ಟುಬಿಟ್ಟೆ. ಅದು ನನ್ನೊಬ್ಬನದಲ್ಲ. ಸಿಟ್ಟು ಬಂದರೆ ಹಾಗೇ ಬರಿ, ಹವಾಮಾನ ಬೇಡ.

ನಿನ್ನೆ ಲಸಿಕೆಯ ದಿನ. ಹೊರಗೆ ಬೆಂಚಿನ ತುಂಬ ತಾಯಂದಿರು. ಪೆನ್ಕ ಬಾಗಿಲಲ್ಲಿ ನಿಂತು ಗಟ್ಟಿಯಾಗಿ, "ಯಾಸೆನ! ಯಾಸೆನ ಎಲ್ಲಿ?" ಎಂದು ಕೂಗಿದಳು. ಆ ಹೆಸರಿನಿಂದ ಒಂದು ಮಗುವನ್ನು ಕೂಗಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಸಿರಿಂಜು ಕೆಳಗಿಟ್ಟೆ.

"ಇಲ್ಲಿದೀವಿ, ಬಂದ್ವಿ" ಎಂದು ಹೊರಗಿನಿಂದ ಉತ್ತರ ಬಂತು. ಸೆಬಿಹಾ, ಅವಳ ತೋಳಿನಲ್ಲಿ ಯಾಸೆನ, ಒಳಗೆ ಬಂದರು.